ಒಂದೇ ಒಲೆ

ನೋಟೀಸಿನಲ್ಲಿ ‘ಒಲೆ ಎರಡು’ ಎಂದು ಬರೆದಿತ್ತು. ಮನೆಯ ಉದ್ದಗಲ, ಬಾಗಿಲು, ಕಿಟಕಿ, ಬಾವಿ, ಕೊಟ್ಟಿಗೆ ಎಲ್ಲವನ್ನೂ ಸರಿಯಾಗಿಯೇ ಬರೆದು, ಕೊನೆಯ ಸಾಲಿನಲ್ಲಿ ಇದೊಂದನ್ನು ಬರೆದು, ಪಕ್ಕದಲ್ಲಿ ‘ಹಿಂಭಾಗ ಬಾಡಿಗೆಗೆ’ ಎಂದು ಸೇರಿಸಿದ್ದರು. ಪುರಸಭೆ ಆ ವರ್ಷ ಊರಿನ ಮನೆಗಳನ್ನೆಲ್ಲ ಹೊಸದಾಗಿ ಅಳೆಸಿ ಕಂದಾಯ ಏರಿಸಿತ್ತು. ಎಲ್ಲರಿಗೂ ಏರಿತ್ತು, ಶಂಭುಲಿಂಗಯ್ಯನಿಗೆ ಮೂರು ಪಟ್ಟು ಏರಿತ್ತು. ಇವತ್ತು ಹನ್ನೊಂದು ಗಂಟೆಗೆ ಅವನ ತಕರಾರಿನ ವಿಚಾರಣೆ. ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕಣ್ಣು ಮುಚ್ಚಿ ಕೂತವನಿಗೆ ಆ ಸಾಲೇ ಕಾಣುತ್ತಿತ್ತು. ಕಣ್ಣು ಮುಚ್ಚಬಹುದು, ಮೂಗು ಮುಚ್ಚುವುದಕ್ಕಾಗುವುದಿಲ್ಲ. ಹಿಂದಿನ ಕೋಣೆಯಿಂದ ಕಾಯಿಮಟ್ಟೆಯ ಹೊಗೆ ನಡುಮನೆಯ ತನಕ ತೆಳ್ಳಗೆ ಹರಡಿಕೊಂಡಿತ್ತು. ಅತ್ತಿಗೆ ಒಲೆ ಹಚ್ಚಿದ್ದಾಳೆ. ಒಣಮಟ್ಟೆ ಎರಡು, ಹಸಿಮಟ್ಟೆ ಒಂದು. ಧಗಧಗ ಉರಿಯಲೂಬಾರದು, ಆರಲೂಬಾರದು. ಅವಳ ಒಲೆಯ ನೆತ್ತಿಗೆ ಸರಿಯಾಗಿ ಅಡಿಕೆ ದಬ್ಬೆಯ ಅಟ್ಟ, ಅಟ್ಟದ ತುಂಬ ಎಂಟು ತಿಂಗಳಿಂದ ಮಲಗಿರುವ ಕಾಯಿ. ಹೊಗೆ ದಬ್ಬೆಗಳ ಸಂದಿಯಲ್ಲಿ ಏರಿ, ಕಾಯಿಗಳ ನಡುವೆ ಸುಳಿದಾಡಿ, ಹೆಂಚಿನ ಸಂದಿಯಿಂದ ಆಚೆ ಹೋಗಬೇಕು. ವರ್ಷ ತುಂಬುವವರೆಗೆ ಹಾಗೆ ಹೊಗೆ ಕುಡಿದ ಕಾಯಿಯ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಗಡಗಡ ಎನ್ನುತ್ತದೆ. ಆಮೇಲೆ ಅದು ಕೊಬ್ಬರಿ. ಈ ಆಷಾಢದ ಜಡಿಯಲ್ಲಿ ಹದಿನೈದು ದಿನ ಹೊಗೆ ತಪ್ಪಿದರೆ ಒಳಗೇ ಬೂಷ್ಟು ಹಿಡಿದು ಕಮಟು ವಾಸನೆ ಬರುತ್ತದೆ. ತಿಪಟೂರಿನ ಮಂಡಿಯಲ್ಲಿ ಮೂಸಿ ನೋಡಿ ಪಕ್ಕಕ್ಕೆ ಎಸೆಯುತ್ತಾರೆ. ಒಬ್ಬಳ ಒಂದು ಪಾವು ಅನ್ನಕ್ಕೆ, ಒಂದು ಕುಡಿಕೆ ಸಾರಿಗೆ ದಿನವಿಡೀ ಹೊಗೆ ಬೇಕಿಲ್ಲ. ಆದರೂ ಅತ್ತಿಗೆ ಬೆಳಗಿನಿಂದ ಸಂಜೆಯವರೆಗೆ ಒಲೆಯ ಮುಂದೆ ಹೋಗಿ ಬಂದು ಮಾಡುತ್ತಿದ್ದಳು. ಮಾಡು ಎಂದು ಯಾರೂ ಅವಳಿಗೆ ಹೇಳಿರಲಿಲ್ಲ. ಬೇಡ ಎಂದೂ ಹೇಳಿರಲಿಲ್ಲ.

ಲಿಂಗವನ್ನು ಕರಡಿಗೆಯೊಳಗಿಟ್ಟು ಎದ್ದು ಬಂದಾಗ ಹೆಂಡತಿ ಶಾಂತಕುಮಾರಿ ಅಡಿಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದಳು. ತಿರುಗಿ ನೋಡದೆ ಅತ್ತಿಗೆಯ ಮಾತೆತ್ತಿದಳು.

“ಅಕ್ಕನಿಗೆ ಹೇಳಿದ್ರಾ?”

“ಸಾಕ್ಷಿ ಹೇಳ್ಬೇಕು ಬನ್ನಿ ಅಂದಿದೀನಿ.”

“ಕಾಗ್ದದಲ್ಲಿ ಏನ್ ಬರ್ಸಿದೀರ ಅಂತ?”

“ಹೂ ಅಂದ್ರೆ ಸಾಕು ಅಂದಿದೀನಿ.”

ಅವಳು ರೊಟ್ಟಿಯನ್ನು ಹಂಚಿನ ಮೇಲೆ ಮಗುಚಿದಳು. “ನಿಮ್ಗೆ ಹೇಳಕ್ಕಾಗ್ದೇ ಇದ್ದಿದ್ದನ್ನ ಆ ಆಫೀಸರ ಬಾಯಲ್ಲಿ ಹೇಳಿಸ್ತೀರಾ?” ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ. ಉಪ್ಪು ಸಾಲದು ಎಂದು ಹೇಳುವ ದನಿಯಲ್ಲಿ ಹೇಳಿದ್ದಳು. ಹೀಗೆ ಕೇಳುವ ಹಕ್ಕು ಇವಳಿಗೆ ಎಲ್ಲಿಯದು ಎಂದು ಶಂಭುಲಿಂಗಯ್ಯನಿಗೆ ರೇಗಿತು. ಹದಿನಾಲ್ಕು ವರ್ಷದ ಹಿಂದೆ ಒಂದು ಲೋಟ ಮಜ್ಜಿಗೆಗಾಗಿ ಅತ್ತಿಗೆಯೊಂದಿಗೆ ಜಗಳವಾಡಿದವಳು ಇವಳೇ. ನೀರು ಬೆರೆಸಿದ್ದು ಯಾರು, ಯಾರಿಗೆ ಬೆರೆಸಿದ್ದು ಎಂಬ ಮಾತು. ಇವತ್ತು ನೆನಪು ಮಾಡಿಕೊಂಡರೆ ಇಬ್ಬರಿಗೂ ಸರಿಯಾಗಿ ನೆನಪಾಗುವುದಿಲ್ಲ. ಮಾರನೆಯ ದಿನ ಅತ್ತಿಗೆ ಕೆರೆಯ ಮಣ್ಣು ತಂದು ಹಿಂದಿನ ಕೋಣೆಯಲ್ಲಿ, ಅಟ್ಟದ ಕೆಳಗೆ, ಒಲೆ ಹಾಕಿದಳು. ಎರಡು ದಿನ ಬಿಟ್ಟು ಕರೆದರೆ ಬರುತ್ತಾಳೆ ಎಂದು ಅವನಿಗೆ ಗೊತ್ತಿತ್ತು. ಅವಳೂ ಕರೆಯಲಿ ಎಂದು ಕಾದಿದ್ದಳು. ಆದರೆ ಆ ಎರಡು ದಿನದಲ್ಲಿ ಅವನು ಇನ್ನೊಂದನ್ನು ಗಮನಿಸಿದ್ದ. ಅದುವರೆಗೆ ಹೊಗೆ ಹಾಕುವುದಕ್ಕೆಂದೇ ಒಂದು ಆಳು ಇಡಬೇಕಾಗಿತ್ತು. ಆಳು ಕಣ್ತಪ್ಪಿಸಿ ಬೀಡಿ ಸೇದಿಕೊಂಡು ನಿಂತರೆ ಒಂದೋ ಬೆಂಕಿ ಏಳುತ್ತಿತ್ತು, ಇಲ್ಲವೇ ಆರಿಹೋಗುತ್ತಿತ್ತು. ಈಗ ಅಟ್ಟಕ್ಕೆ ಹದವಾದ ಹೊಗೆ ತಾನಾಗಿ ಏರುತ್ತಿದೆ. ಮೂರನೆಯ ದಿನ ಕರೆಯೋಣ ಎಂದುಕೊಂಡ. ಆಮೇಲೆ ಹಬ್ಬಕ್ಕೆ ಕರೆಯೋಣ ಎಂದುಕೊಂಡ. ಕರೆಯಲಿಲ್ಲ. ಮನುಷ್ಯ ದೊಡ್ಡ ಪಾಪಗಳನ್ನು ಮಾಡುವಾಗ ಒಮ್ಮೆಯಾದರೂ ಯೋಚಿಸುತ್ತಾನೆ. ಇಂಥದ್ದಕ್ಕೆ ಯೋಚನೆಯೂ ಬೇಕಾಗುವುದಿಲ್ಲ.

ಅತ್ತಿಗೆ ಕಲ್ಲಮ್ಮ ಒಗೆದ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿ, ಹಿತ್ತಲಿನಿಂದ ಸುತ್ತಿಕೊಂಡು ಬಂದು ಜಗಲಿಯ ಬಳಿ ನಿಂತಿದ್ದಳು. ಕೊಡೆ ಒಂದೇ ಇತ್ತು. ಅವನು ಬಿಚ್ಚಿ ಅವಳ ಕೈಗೆ ಕೊಡಲು ಹೋದರೆ, “ನೀನಿಡ್ಕಳಪ್ಪ, ಕಾಗ್ದ ನೆನೀತದೆ,” ಎಂದು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ತುಂತುರು. ತೋಟಗಳ ಕಡೆಯಿಂದ ಗಾಳಿ ಬೀಸಿದಾಗ ಗರಿಗಳ ನೀರು ರಸ್ತೆಗೆ ಉದುರುತ್ತಿತ್ತು. ಅವನು ಮುಂದೆ, ಅವಳು ನಾಲ್ಕು ಹೆಜ್ಜೆ ಹಿಂದೆ. ಅವಳು ದಂಡಿನಶಿವರದಿಂದ ಮದುವೆಯಾಗಿ ಬಂದಾಗ ಅವನಿಗೆ ಏಳು ವರ್ಷ, ಅವಳಿಗೂ ಹದಿನಾಲ್ಕೇ. ಆಗ ಹಿಂದೆ ನಡೆಯುತ್ತಿದ್ದವನು ಅವನು, ಅವಳ ಸೆರಗು ಹಿಡಿದುಕೊಂಡು. ಊಟವಾದ ಮೇಲೆ ತಟ್ಟೆಗೆ ನೀರು ಹಾಕಿ, ಬೆರಳಿನಿಂದ ಸುತ್ತ ತೊಳೆದು, ಆ ನೀರನ್ನು ಕುಡಿಯುವುದನ್ನು ಕಲಿಸಿದ್ದು ಅವಳು. ಅವನು ವಾಕರಿಸಿದಾಗ, “ಪ್ರಸಾದ ಕಣಪ್ಪ, ಚೆಲ್ಲಬಾರ್ದು. ನಮ್ ತಟ್ಟೆ ನಾವೇ ತೊಳೀಬೇಕು, ಇನ್ನೊಬ್ರ ಕೈಲಿ ತೊಳಿಸಬಾರ್ದು,” ಎಂದು ಮೊದಲು ತಾನು ಕುಡಿದು ತೋರಿಸಿದ್ದಳು. ಆ ಮನೆಯಲ್ಲಿ ಅವನ ಅಪ್ಪ ಸಾಯುವ ಹಿಂದಿನ ದಿನವೂ ತನ್ನ ತಟ್ಟೆ ತಾನೇ ತೊಳೆದಿದ್ದ.

“ಏನ್ ಕೇಳ್ತಾರಪ್ಪ ಶಂಭು?”

“ಏನಿಲ್ಲ ಅತ್ಗೆ. ಸಾಹೇಬ್ರು ಓದ್ತಾರೆ, ನೀವು ಹೂ ಅಂದ್ರಾಯ್ತು.”

“ಸುಳ್ಳಾ?”

“ಸುಳ್ಳೇನಲ್ಲ... ಕಾಗ್ದದ ಮಾತು.”

“ಸುಳ್ಳಾದ್ರೂ ಹೇಳ್ತೀನಿ ಬುಡು. ನಿಮ್ಮಪ್ಪಾರ ಮುಂದೆ ನಿನಗೋಸ್ಕರ ಎಷ್ಟ್ ಹೇಳಿಲ್ಲ? ಬೆಲ್ಲದ ಗಡಿಗೆ ಒಡ್ದೋನು ನೀನು, ಏಟು ತಿಂದಿದ್ದು ಬೆಕ್ಕು.”

ಅವಳು ನಕ್ಕಳು. ಅವನಿಗೆ ನಗಲಾಗಲಿಲ್ಲ, ಕೆಮ್ಮಿದ. ಈಗ ನಿಂತು ಹೇಳಿಬಿಡಬಹುದು. ಪುರಸಭೆ ಇನ್ನೂ ಎರಡು ಬೀದಿ ಆಚೆಗಿದೆ. ಹೇಳಿದರೆ ಅವಳು ಖಂಡಿತ ಒಪ್ಪುತ್ತಾಳೆ, ಅದೇ ಕಷ್ಟ. ಒಪ್ಪುವ ಮೊದಲು ಒಮ್ಮೆ ಅವನ ಮುಖ ನೋಡುತ್ತಾಳಲ್ಲ, ಆ ನೋಟವನ್ನು ಬೀದಿಯಲ್ಲಿ ಒಬ್ಬನೇ ಎದುರಿಸುವುದಕ್ಕಿಂತ ಆಫೀಸಿನ ನಾಲ್ಕು ಜನರ ನಡುವೆ ಎದುರಿಸುವುದು ಸುಲಭ ಅನ್ನಿಸಿತು.

ಎಲ್ಲಕ್ಕೂ ಮೂಲ ತನ್ನದೇ ಬಾಯಿ. ಚೈತ್ರದಲ್ಲಿ ಬಿಲ್ ಕಲೆಕ್ಟರ್ ಉಗ್ರಪ್ಪ ಟೇಪು ಹಿಡಿದುಕೊಂಡು ಅಳೆಯಲು ಬಂದಿದ್ದ. ಅದೇ ಊರಿನವನು, ಎಲ್ಲರ ಮನೆಯ ಒಳಹೊರಗು ಬಲ್ಲವನು. ಹಿಂದಿನ ಕೋಣೆ ಇಣುಕಿ, “ಎರಡ್ ಒಲೆ ಅದಾವಲ್ಲ ಸ್ವಾಮಿ, ಅಮ್ಮಾರು ಪಾಲು ತಗಂಡವ್ರಾ?” ಎಂದು ಕೇಳಿದ್ದ. ಸುಮ್ಮನೆ ಕೇಳಿದ್ದಿರಬಹುದು. ಆದರೆ ಶಂಭುಲಿಂಗಯ್ಯ ಹಿಡಿದುಕೊಂಡದ್ದು ಪಾಲು ಎಂಬ ಒಂದು ಮಾತನ್ನು. ಅಣ್ಣ ಮಲ್ಲಿಕಾರ್ಜುನಯ್ಯ ಕಾಮಾಲೆಯಲ್ಲಿ ತೀರಿಕೊಂಡು ಇಪ್ಪತ್ತೆರಡು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಮನೆ, ತೋಟ ಎರಡರಲ್ಲೂ ಅರ್ಧ ಅತ್ತಿಗೆಯದು. ಅದು ಅವನಿಗೆ ಗೊತ್ತಿತ್ತು, ಅವಳಿಗೆ ಗೊತ್ತಿತ್ತು, ದಂಡಿನಶಿವರದಲ್ಲಿದ್ದ ಅವಳ ಅಣ್ಣನ ಮಕ್ಕಳಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಇಪ್ಪತ್ತೆರಡು ವರ್ಷದಲ್ಲಿ ಯಾರೂ ಅದನ್ನು ಬಾಯಿಬಿಟ್ಟು ಆಡಿರಲಿಲ್ಲ. “ಪಾಲೂ ಇಲ್ಲ ಗೀಲೂ ಇಲ್ಲ, ಯಾರಯ್ಯ ನಿನಗೆ ಹೇಳಿದ್ದು?” ಎಂದು ಉಗ್ರಪ್ಪನ ಮೇಲೆ ಹಾರಿಬಿದ್ದಿದ್ದ. ಉಗ್ರಪ್ಪ ತಲೆಯಾಡಿಸಿ ಬರೆದುಕೊಂಡು ಹೋದ. ಅವನ ಪುಸ್ತಕದಲ್ಲಿ ಇದ್ದದ್ದು ಎರಡೇ ಕಲಂ: ಸ್ವಂತ, ಬಾಡಿಗೆ. ಒಲೆ ಬೇರೆ, ಪಾಲು ಇಲ್ಲ, ಅಂದಮೇಲೆ ಬಾಡಿಗೆ.

ತುರುವೇಕೆರೆಯ ತಾಲ್ಲೂಕು ಕಚೇರಿಯ ಮುಂದೆ ಹೊಂಗೆ ಮರದಡಿ ಅರ್ಜಿ ಬರೆಯುವ ಶ್ರೀರಂಗಯ್ಯ ಇದನ್ನೆಲ್ಲ ಕೇಳಿ, ಪೆನ್ನು ಕಿವಿಗೆ ಸಿಕ್ಕಿಸಿಕೊಂಡಿದ್ದ. ಆಮೇಲೆ ಒಂದೊಂದಾಗಿ ಹೇಳಿದ್ದ.

“ನೋಡಿ ಸ್ವಾಮಿ, ಆಯಮ್ಮ ನಮ್ಮತ್ತಿಗೆ ಅಂತ ಬರುದ್ರೆ, ಈ ಮನೇಲಿ ಆಯಮ್ಮನಿಗೆ ಹಕ್ಕೈತೆ ಅಂತ ನಿಮ್ ಕೈಯಾರೆ ಬರ್ಕೊಟ್ಟಂಗೆ. ಸರ್ಕಾರಿ ಕಾಗ್ದ. ನಾಳೆ ಅವ್ರ ತವರಿನೋರು ನಕಲು ತಗಂಡ್ರೆ ಮುಗೀತು.”

“ಹಂಗಾದ್ರೆ ಅದು ಅಡಿಗೆ ಒಲೇನೇ ಅಲ್ಲ, ಕೊಬ್ಬರಿಗೆ ಹೊಗೆ ಹಾಕೋ ಒಲೆ ಅಂತ ಬರೀರಿ.”

“ಬರೀತೀನಿ. ಆಗ ಇದು ವಾಸದ ಮನೆ ಅಲ್ಲ, ವ್ಯಾಪಾರದ ಗೋಡೌನು ಅಂತಾರೆ. ಮೂರ್ ಪಟ್ಟು ಇದ್ದಿದ್ದು ಐದ್ ಪಟ್ಟಾಯ್ತದೆ.”

“ಮತ್ತೇನ್ ಬರೀತೀರಿ?”

ಶ್ರೀರಂಗಯ್ಯ ಮರದ ಕಡೆ ನೋಡುತ್ತ, “ಕೆಲಸದ ಹೆಂಗಸು, ದಿಕ್ಕಿಲ್ಲದೋಳು, ಕನಿಕರದಿಂದ ಇಟ್ಕಂಡಿದೀವಿ ಅಂತ,” ಎಂದ. ಆಮೇಲೆ ಮೆಲ್ಲಗೆ, “ಬರೀ ಕಾಗ್ದ ಕಣ್ರೀ. ಕಾಗ್ದದಲ್ಲಿ ಬರ್ದಿದ್ದನ್ನ ಮನೇಲಿ ಯಾರ್ ಓದ್ತಾರೆ?” ಎಂದು ಸೇರಿಸಿದ. ಶಂಭುಲಿಂಗಯ್ಯ ಸಹಿ ಹಾಕಿದ. ಅದು ತನ್ನ ಮಾತಲ್ಲ, ಶ್ರೀರಂಗಯ್ಯನ ಮಾತು ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಂದುಕೊಂಡಿದ್ದ.

ಪುರಸಭೆಯ ಮುಖ್ಯಾಧಿಕಾರಿ ಈಚೆಗೆ ವರ್ಗವಾಗಿ ಬಂದಿದ್ದ ಬೇರೆ ಜಿಲ್ಲೆಯವನು, ಇನ್ನೂ ಚಿಕ್ಕ ವಯಸ್ಸು, ಅವಸರವಿಲ್ಲದ ಮನುಷ್ಯ. ಮೇಜಿನ ಪಕ್ಕ ಉಗ್ರಪ್ಪ ಪುಸ್ತಕ ಎದೆಗೊತ್ತಿಕೊಂಡು ನಿಂತಿದ್ದ. ಅತ್ತಿಗೆಯನ್ನು ಕಂಡದ್ದೇ ಅಭ್ಯಾಸದಂತೆ ಕೈಯೆತ್ತಿ ಅರ್ಧ ಮುಗಿದು, ಏನೋ ಹೊಳೆದವನಂತೆ ಕೈ ಇಳಿಸಿದ. ಗುಮಾಸ್ತ ಅರ್ಜಿ ಓದಿದ. ಅವನದು ಒಂದೇ ಏರುಸ್ವರ. ಬಾವಿಯ ಆಳವನ್ನೂ, ‘ದಿಕ್ಕಿಲ್ಲದ ಕೆಲಸದ ಹೆಂಗಸಾದ ಕಲ್ಲಮ್ಮ ಎಂಬುವಳನ್ನು ಕನಿಕರದಿಂದ’ ಎಂಬುದನ್ನೂ ಒಂದೇ ಸ್ವರದಲ್ಲಿ ಓದಿಕೊಂಡು ಹೋದ. ಶಂಭುಲಿಂಗಯ್ಯ ಮೇಜಿನ ಮೇಲಿದ್ದ ಗಾಜಿನ ಗುಂಡನ್ನು ನೋಡುತ್ತಿದ್ದ. ಅದರೊಳಗೆ ಒಂದು ಗಾಳಿಗುಳ್ಳೆ ಸಿಕ್ಕಿಕೊಂಡಿತ್ತು. ಅತ್ತಿಗೆ ಅವನತ್ತ ನೋಡುತ್ತಾಳೆ ಎಂದು ಕಾದ. ಅವಳು ನೋಡಲಿಲ್ಲ. ಅವಳ ಕೈ ಮಾತ್ರ ಕಂಡಿತು. ಎದೆಯ ಮೇಲಿದ್ದ ಕರಡಿಗೆಯನ್ನು ನಿಧಾನವಾಗಿ ಸೆರಗಿನ ಒಳಕ್ಕೆ ಸರಿಸಿಕೊಳ್ಳುತ್ತಿತ್ತು.

“ಏನಮ್ಮ, ನೀನು ಇವರ ಮನೆ ಕೆಲಸದೋಳಾ?” ಎಂದ ಅಧಿಕಾರಿ.

“ಹೂ ಸ್ವಾಮಿ.”

“ಎಷ್ಟು ವರ್ಷದಿಂದ ಇದೀಯ?”

“ನಲವತ್ತೊಂದಾಯ್ತು ಸ್ವಾಮಿ. ಆಗ ಇವರಿಗೆ ಏಳು ವರ್ಷ.”

ಇವರಿಗೆ. ಗುಮಾಸ್ತನಿಗಾಗಲಿ ಅಧಿಕಾರಿಗಾಗಲಿ ಆ ಮಾತಿನಲ್ಲಿ ಏನೂ ಕೇಳಿಸಿರಲಾರದು. ಉಗ್ರಪ್ಪ ಮಾತ್ರ ನೆಲ ನೋಡಿದ. ನಲವತ್ತೊಂದು ವರ್ಷ ‘ಶಂಭು’ ಎಂದವಳು, ‘ಏನ್ಲಾ’ ಎಂದವಳು, ಚೂರೂ ತಡವರಿಸದೆ ಅಂದಿದ್ದಳು.

“ಸಂಬಳ?”

ಈ ಪ್ರಶ್ನೆಯನ್ನು ಶ್ರೀರಂಗಯ್ಯ ಊಹಿಸಿರಲಿಲ್ಲ. ಶಂಭುಲಿಂಗಯ್ಯ ಬಾಯಿ ತೆರೆಯುವುದರೊಳಗೆ ಅವಳೇ, “ಉಣ್ಣಕ್ಕೆ ಇಕ್ತಾರೆ ಸ್ವಾಮಿ,” ಎಂದಳು.

ಅಧಿಕಾರಿ ಕುರ್ಚಿಗೆ ಒರಗಿದ. ಅವನು ಕೆಟ್ಟವನಲ್ಲ, ಲೆಕ್ಕಕ್ಕೆ ತಾಳೆ ನೋಡುವವನು ಅಷ್ಟೆ. “ಅವರ ಮನೇಲೇ ಊಟ ಅಂತೀಯ. ಮತ್ತೆ ನಿನಗೆ ಬೇರೆ ಒಲೆ ಯಾಕಮ್ಮ?”

ಇದೇ ಗಂಟು. ಇಲ್ಲಿ ಒಂದು ಮಾತು ತಪ್ಪಿದರೆ ಕಾಗದ ಪೂರ್ತಿ ಸುಳ್ಳಾಗುತ್ತದೆ, ಕಂದಾಯ ಹಾಗೇ ನಿಲ್ಲುತ್ತದೆ, ಹಾಗಾದರೆ ಈಕೆ ಯಾರು ಎಂಬ ಪ್ರಶ್ನೆ ಏಳುತ್ತದೆ. ನಮ್ಮ ಅತ್ತಿಗೆ ಸ್ವಾಮಿ, ಜಗಳವಾಡಿ ಒಲೆ ಬೇರೆ ಮಾಡಿಕೊಂಡರು, ನಾನು ಕರೆಯಲಿಲ್ಲ. ಇಷ್ಟೇ. ಮಾತು ಗಂಟಲಿನವರೆಗೆ ಬಂತು. ಅಲ್ಲಿ ತೋಟದ ಅರ್ಧ ಅಡ್ಡ ನಿಂತಿತ್ತು. ಕಾಯಿ ಬಿಡುವ ನೂರ ಎಪ್ಪತ್ತು ಮರ, ಅವನು ಕೈಯಾರೆ ನೀರು ಹೊತ್ತ ಮರ. ನುಂಗಿಕೊಂಡ.

“ಇನ್ನು ಇರಲ್ಲ ಬುಡಿ ಸ್ವಾಮಿ,” ಎಂದಳು ಅತ್ತಿಗೆ. “ಒಂದೇ ಒಲೆ ಅಂತ ಬರ್ಕಳಿ.”

“ಹೇಳಿದ್ದನ್ನ ಬರ್ಕೊಳ್ಳೋಕ್ಕಾಗಲ್ಲಮ್ಮ. ಊಟದ ಹೊತ್ತಿಗೆ ನಾನೇ ಆ ಕಡೆ ಬರ್ತೀನಿ. ಕಣ್ಣಲ್ಲಿ ನೋಡಿ ಸಹಿ ಮಾಡ್ತೀನಿ.”

ಹೊರಗೆ ಬಂದಾಗ ಅವನು ಕೊಡೆ ಬಿಚ್ಚುವುದರೊಳಗೆ ಅವಳು ಬೀದಿಗೆ ಇಳಿದಾಗಿತ್ತು. ಕರೆಯೋಣವೆಂದರೆ, ಕಚೇರಿಯ ಮೆಟ್ಟಿಲ ಮೇಲೆ ನಾಲ್ಕಾರು ಜನ ನಿಂತಿದ್ದರು, ಏನೆಂದು ಕರೆಯುವುದು? ಹೋಟೆಲಿಗೆ ಹೋಗಿ ಕಾಫಿ ತರಿಸಿಕೊಂಡ. ಪಕ್ಕದ ಮೇಜಿನಲ್ಲಿ ಹುಳಿಯಾರಿನಿಂದ ಕುರಿ ವ್ಯಾಪಾರಕ್ಕೆ ಬಂದಿದ್ದ ಇಬ್ಬರು ಜೋರಾಗಿ ನಗುತ್ತಿದ್ದರು. “ನೀ ಏನೇ ಹೇಳ್ಲಾ, ಕುರಿ ತನ್ನ ಬೆಲೆ ತಾನು ಹೇಳಿದ್ರೆ ನಾವ್ಯಾಕ್ಲಾ ಬೇಕು?” ಎಂದ ಒಬ್ಬ. ಮಾತು ತನ್ನ ಬಗ್ಗೆಯೇ ಎಂಬಂತೆ ಶಂಭುಲಿಂಗಯ್ಯ ತಿರುಗಿ ನೋಡಿದ. ಅವರು ಅವನನ್ನು ನೋಡಿಯೂ ಇರಲಿಲ್ಲ. ಕಾಫಿ ಆರಿ ಕೆನೆ ಕಟ್ಟಿತು. ಇಷ್ಟು ಹೊತ್ತು ಅಲ್ಲಿ ಕೂತದ್ದು ಯಾಕೆ ಎಂದು ಅವನಿಗೆ ಗೊತ್ತಿತ್ತು. ಮನೆಯಲ್ಲಿ ಈಗ ಆಗುತ್ತಿರುವುದು ತಾನು ಹೋಗುವುದರೊಳಗೆ ಆಗಿ ಮುಗಿಯಲಿ.

ಆಗಿ ಮುಗಿದಿತ್ತು. ಹಿಂದಿನ ಕೋಣೆಯಲ್ಲಿ ಒಲೆ ಇದ್ದ ಜಾಗ ಬೋಳಾಗಿ, ಸೆಗಣಿ ಸಾರಿಸಿ, ಇನ್ನೂ ಹಸಿಯಾಗಿತ್ತು. ಗೋಡೆಯ ಕರಿ ಮಾತ್ರ ಹಾಗೇ ಉಳಿದು, ಅಲ್ಲಿ ಬೆನ್ನು ಒರಗಿಸಿ ಯಾರೋ ಬಹಳ ವರ್ಷ ಕೂತಿದ್ದಂತೆ ಕಾಣುತ್ತಿತ್ತು. ಹಿತ್ತಲಿನ ತಿಪ್ಪೆಯ ಮೇಲೆ ಸುಟ್ಟ ಮಣ್ಣಿನ ಹೆಂಟೆಗಳು; ಒಳಗಡೆ ಇನ್ನೂ ಕೆಂಪಾಗಿದ್ದ ಕೆಂಡಕ್ಕೆ ತುಂತುರು ಬಿದ್ದು ಚುಂಯ್ ಚುಂಯ್ ಎನ್ನುತ್ತಿತ್ತು. ಒಲೆ ಒಡೆಯುವುದು ಅಂದರೆ ಈ ಕಡೆ ಸಾವಿನ ಮಾತು. ಬೈಯುವಾಗ ಕೂಡ ಹೆಂಗಸರು ಆ ಮಾತನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ಹಾರೆ ಗೋಡೆಗೆ ಒರಗಿತ್ತು. ಶಾಂತಕುಮಾರಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ಅಳುತ್ತಿದ್ದಳು. “ಬ್ಯಾಡ ಅಕ್ಕ ಅಂತ ಕೈ ಹಿಡ್ಕಂಡೆ. ಬುಡಮ್ಮ, ಸಾಹೇಬ್ರು ಬತ್ತಾರೆ ಅಂದ್ರು. ಒಳಗ್ ಬಂದು ಕೂತ್ಕಳಿ ಅಂದ್ರೆ ಬರ್ಲಿಲ್ಲ.” ಅವನು ತಲೆಯೆತ್ತಿ ಅಟ್ಟದ ಕಡೆ ನೋಡಿದ. ದಬ್ಬೆಗಳ ಸಂದಿಯಲ್ಲಿ ಉಳಿದಿದ್ದ ಹೊಗೆ ತೆಳುವಾಗಿ ಹೆಂಚಿನತ್ತ ಹೋಗುತ್ತಿತ್ತು. ನಾಳೆಯಿಂದ ಹೊಗೆಗೆ ಏನು ಮಾಡುವುದು ಎಂಬ ಯೋಚನೆ ಬಂತು. ಎಲ್ಲಕ್ಕಿಂತ ಮೊದಲು ಬಂದದ್ದು ಅದೇ ಯೋಚನೆ ಎಂಬುದು ಆಮೇಲೆ ತಿಳಿಯಿತು.

ಅತ್ತಿಗೆ ಹಿತ್ತಲ ಬಾಗಿಲ ಹೊರಗೆ, ಸೂರಿನ ಅಂಚಿನಲ್ಲಿ, ಕಲ್ಲಿನ ಮೆಟ್ಟಿಲ ಮೇಲೆ ಕೂತಿದ್ದಳು. ಕಾಯಿ ಕೀಳುವ ಆಳುಗಳು ಊಟಕ್ಕೆ ಕೂರುವ ಜಾಗ. ಮಡಿಲಲ್ಲಿ ಅವಳದೇ ತಟ್ಟೆ. ಶಾಂತಕುಮಾರಿ ಮುದ್ದೆ, ಸಾರು ತಂದು ಬಗ್ಗಿ ಬಡಿಸಿದಳು. ಅವನಿಗೆ ಒಳಗೆ ಮಣೆ ಹಾಕಿದ್ದರು. ಕೂತ. ಮುದ್ದೆ ಮುರಿದ. ಇಬ್ಬರ ನಡುವೆ ಹೊಸಿಲು, ಮೂರು ಮಾರು ನೆಲ. ಎದ್ದು ಹೋಗಿ ಕೈ ಹಿಡಿದು ಕರೆತರಬಹುದು ಅಂದುಕೊಂಡ. ಸಾಹೇಬರು ಬಂದು ಹೋಗಲಿ, ಆಮೇಲೆ, ಅಂದುಕೊಂಡ. ಹದಿನಾಲ್ಕು ವರ್ಷದ ಹಿಂದೆ ಹಬ್ಬ ಬರಲಿ ಎಂದುಕೊಂಡದ್ದೂ ಹೀಗೆಯೇ.

ಸಾಹೇಬರು ಬಂದರು. ಉಗ್ರಪ್ಪ ಕೊಡೆ ಹಿಡಿದಿದ್ದ. ಶಂಭುಲಿಂಗಯ್ಯ ಅರ್ಧ ಊಟದಲ್ಲೇ ತಟ್ಟೆ ಹಿಡಿದುಕೊಂಡು ಎದ್ದ. ಹೆಂಡತಿ ಕೈಗೆ ಕೊಡಬಹುದಿತ್ತು, ಆ ಮನೆಯಲ್ಲಿ ಆ ರೂಢಿ ಇರಲಿಲ್ಲ. ಅಧಿಕಾರಿ ಅಡಿಗೆಮನೆ ನೋಡಿದ, ಹಿಂದಿನ ಕೋಣೆ ನೋಡಿದ, ಹಸಿ ನೆಲವನ್ನು ಎರಡು ಸಲ ನೋಡಿದ. ಅವನು ದಡ್ಡನಲ್ಲ. ಆದರೆ ಒಲೆ ಒಂದೇ ಇತ್ತು. “ಸರಿ,” ಎಂದು ಉಗ್ರಪ್ಪನ ಪುಸ್ತಕವನ್ನು ಬಾಗಿಲಿನ ಚೌಕಟ್ಟಿಗೆ ಆನಿಸಿಕೊಂಡು ಪೆನ್ನು ತೆಗೆದ. ಆಗ ಹೊರಗೆ ಕೂತವಳು ಕಣ್ಣಿಗೆ ಬಿದ್ದಳು. ಸೂರಿನ ನೀರು ಅವಳ ಬೆನ್ನ ಮೇಲೆ ಹನಿಯುತ್ತಿತ್ತು.

“ಮಳೇಲಿ ಯಾಕಮ್ಮ ಕೂತಿದೀಯ? ಏನ್ರೀ, ಒಳಗೆ ಕರೆದು ಊಟ ಹಾಕಬಾರದಾ ವಯಸ್ಸಾದೋರಿಗೆ?”

ಎಲ್ಲರೂ ಶಂಭುಲಿಂಗಯ್ಯನನ್ನು ನೋಡಿದರು. ಅವಳೂ ನೋಡಿದಳು. ಬೆಳಗಿನಿಂದ ಅವನು ಕಾದಿದ್ದ ನೋಟ ಈಗ ಬಂತು, ಅದರಲ್ಲಿ ಬೈಗುಳವಿರಲಿಲ್ಲ. ಬಾಗಿಲು ತೆರೆದಿಟ್ಟು ಕಾಯುವವರ ನೋಟ. ನಲವತ್ತೊಂದು ವರ್ಷದ ಮಾತು, ಮೂರಕ್ಷರ, ನಾಲಿಗೆಯ ತುದಿಯಲ್ಲಿತ್ತು. ಪೆನ್ನಿನ ಮೊನೆ ಇನ್ನೂ ಕಾಗದ ಮುಟ್ಟಿರಲಿಲ್ಲ.

“ಕಲ್ಲಮ್ಮ,” ಎಂದ. “ಒಳಗೆ ಬಾ.”

ಉಗ್ರಪ್ಪ ಮುಖ ತಿರುಗಿಸಿಕೊಂಡ. ಅವಳು ತಟ್ಟೆಯತ್ತ ನೋಡಿ, “ಬ್ಯಾಡಿ ಯಜಮಾನ್ರೇ, ಆಯ್ತು,” ಎಂದಳು. ಅಧಿಕಾರಿ ಸಹಿ ಹಾಕಿ, ದಿನಾಂಕ ಹಾಕಿ, ಮುಂದಿನ ವಾರ ಆರ್ಡರ್ ಬರುತ್ತದೆ ಎಂದು ಹೇಳಿ ಹೋದ.

ಅವರ ಹೆಜ್ಜೆಯ ಸದ್ದು ಬೀದಿಯಲ್ಲಿ ಅಡಗುವವರೆಗೆ ಅವನು ಹೊಸಿಲ ಒಳಗೆ ಎಂಜಲು ತಟ್ಟೆ ಹಿಡಿದು ನಿಂತೇ ಇದ್ದ. ಈಗ ಯಾರೂ ಇಲ್ಲ. ಈಗ ಹೇಳಬಹುದು. ಅತ್ತಿಗೆ ಚೊಂಬಿನಿಂದ ತನ್ನ ತಟ್ಟೆಗೆ ನೀರು ಹಾಕಿಕೊಂಡು, ಬೆರಳಿನಿಂದ ಸುತ್ತ ತೊಳೆದು, ಎತ್ತಿ ಕುಡಿದಳು. ತಟ್ಟೆಯನ್ನು ಕಲ್ಲಿನ ಮೇಲೆ ಬೋರಲಿಟ್ಟಳು. ಆಮೇಲೆ ಎದ್ದು ಅವನ ಮುಂದೆ ಬಂದು ಕೈ ಚಾಚಿದಳು.

“ಕೊಡಿ.”

ಅವನಿಗೆ ಅರ್ಥವಾಗಲಿಲ್ಲ. ಆಮೇಲೆ ಆಯಿತು. “ಬೇಡ, ನಾನೇ...” ಎಂದ. ಚಾಚಿದ ಕೈ ಹಾಗೇ ಇತ್ತು, ಬೆರಳ ಸಂದಿಯಲ್ಲಿ ಒಲೆಯ ಕರಿ. ಒಳಗೆ ಶಾಂತಕುಮಾರಿ ಏನೋ ಕೂಗಿದಳು. ಅವನ ಕೈ ತಾನಾಗಿ ಮುಂದೆ ಹೋಯಿತು.

ಅವಳು ಅವನ ತಟ್ಟೆಗೆ ನೀರು ಹಾಕಿ, ಸುತ್ತ ಚೆನ್ನಾಗಿ ತಿಕ್ಕಿ ತೊಳೆದು, ಆ ನೀರನ್ನು ತಿಪ್ಪೆಯ ಮೇಲೆ ಚೆಲ್ಲಿದಳು.